ಮಗು ಅಜ್ಜಿಯ ಹೆಗಲಲ್ಲೇ ಬೇಗ ಮಲಗಿದರೆ ಅಮ್ಮನ ಜೊತೆಗಿನ ನಂಟು ಕಡಿಮೆಯಾಗುತ್ತದಾ?

ಪ್ರಶ್ನೆ: ನಾನು ದಾವಣಗೆರೆಯವಳು. ಮದುವೆಯಾಗಿ ಉಡುಪಿ ಹತ್ತಿರ ಗಂಡನ ಮನೆಯಲ್ಲಿದ್ದೇನೆ. ಮಗಳಿಗೆ ಐದು ತಿಂಗಳು. ಮುಂದಿನ ತಿಂಗಳು ಮಣಿಪಾಲದಲ್ಲಿ ಕೆಲಸಕ್ಕೆ ವಾಪಸ್ ಹೋಗಬೇಕು. ಅಮೆರಿಕದಲ್ಲಿರುವ ನಾದಿನಿ ಅಟ್ಯಾಚ್‌ಮೆಂಟ್ ಪೇರೆಂಟಿಂಗ್ ಅಂತ ಮಾಡ್ತಾಳೆ. ಮಗುವನ್ನು ಕ್ಯಾರಿಯರ್‌ನಲ್ಲಿ ಎದೆಗೆ ಕಟ್ಟಿಕೊಂಡೇ ಇರಬೇಕು, ತೊಟ್ಟಿಲಿಗೆ ಹಾಕಬಾರದು, ಅತ್ತರೆ ಅಮ್ಮನೇ ಓಡಿ ಹೋಗಬೇಕು ಅಂತಾಳೆ. ಇಲ್ಲಿ ಅತ್ತೆ ಯಾರು ಕೈ ಚಾಚಿದರೂ ಮಗುವನ್ನು ಕೊಡ್ತಾರೆ, ಪಕ್ಕದ ಮನೆಯವರೂ ಎತ್ತಿಕೊಂಡು ಹೋಗ್ತಾರೆ. ಆದರೆ ನಾನು ಸ್ವಲ್ಪ ಜಾಸ್ತಿ ಎತ್ತಿಕೊಂಡರೆ "ಕೈ ಅಭ್ಯಾಸ ಮಾಡಬೇಡ, ಆಮೇಲೆ ನಿನಗೇ ಕಷ್ಟ" ಅಂತಾರೆ. ನನ್ನಮ್ಮ ಫೋನಲ್ಲಿ "ಸ್ವಲ್ಪ ಅಳಲಿ ಬಿಡು, ಏನೂ ಆಗಲ್ಲ" ಅಂತಾಳೆ. ಈಗ ಮಗಳು ನನಗಿಂತ ಅತ್ತೆಯ ಹೆಗಲ ಮೇಲೆ ಬೇಗ ಮಲಗ್ತಾಳೆ. ನಾನೇನೋ ತಪ್ಪು ಮಾಡಿದೆನಾ? ಯಾರ ಮಾತು ಕೇಳಲಿ?

ಉತ್ತರ: ನೀವು ತಪ್ಪೇನೂ ಮಾಡಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಪ್ರಶ್ನೆ ಕೇಳುವ ಹೆಚ್ಚಿನ ತಾಯಂದಿರು ಉಳಿದ ಮಾತು ಕೇಳಿಸಿಕೊಳ್ಳುವ ಸ್ಥಿತಿಯಲ್ಲೇ ಇರುವುದಿಲ್ಲ. ಮಗಳು ಅತ್ತೆಯ ಹೆಗಲಲ್ಲಿ ಬೇಗ ಮಲಗುವುದಕ್ಕೆ ಸಾದಾ ಕಾರಣಗಳುಂಟು. ನಿಮ್ಮ ಹತ್ತಿರ ಬಂದರೆ ಹಾಲಿನ ವಾಸನೆ ಬರುತ್ತದೆ, ಮಗುವಿನ ಬಾಯಿ ಹಾಲು ಹುಡುಕುತ್ತದೆ, ನಿದ್ದೆ ಹಾರುತ್ತದೆ. ಅತ್ತೆಯ ಹತ್ತಿರ ಆ ಆಸೆ ಇಲ್ಲ. ಜೊತೆಗೆ ಅವರು ಮಕ್ಕಳನ್ನು ಮಲಗಿಸಿ ಪಳಗಿದವರು, ಮಗು ಮಲಗಲಿಲ್ಲ ಅಂದರೆ ಅವರಿಗೆ ಗಾಬರಿಯಾಗುವುದಿಲ್ಲ. ನಿಮಗೆ ಆಗುತ್ತದೆ. ಐದು ತಿಂಗಳ ಮಗುವಿಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಈಗ ನಾದಿನಿಯ ಮಾತಿಗೆ ಬರೋಣ. ಅಟ್ಯಾಚ್‌ಮೆಂಟ್ ಪೇರೆಂಟಿಂಗ್ ಅನ್ನುವುದನ್ನು ಜನಪ್ರಿಯ ಮಾಡಿದವರು ಅಮೆರಿಕದ ಮಕ್ಕಳ ಡಾಕ್ಟರ್ ವಿಲಿಯಂ ಸಿಯರ್ಸ್ ಮತ್ತು ನರ್ಸ್ ಆಗಿದ್ದ ಅವರ ಹೆಂಡತಿ ಮಾರ್ಥಾ. 1990ರ ದಶಕದಲ್ಲಿ ಇದು ಹೆಚ್ಚು ಹರಡಿತು. ಎದೆಹಾಲು ಕೊಡಿ, ಮೈಗೆ ಕಟ್ಟಿಕೊಂಡು ಓಡಾಡಿ, ಹತ್ತಿರ ಮಲಗಿಸಿ, ಅಳುವನ್ನು ನಂಬಿ ಅನ್ನುವುದು ಅದರ ತಿರುಳು. ಅಮ್ಮ ತನ್ನನ್ನೂ ನೋಡಿಕೊಳ್ಳಬೇಕು ಅನ್ನುವುದೂ ಅವರ ಪಟ್ಟಿಯಲ್ಲಿದೆ, ಆದರೆ ಅದನ್ನು ಯಾರೂ ಮುಂದಕ್ಕೆ ದಾಟಿಸುವುದಿಲ್ಲ! ಇದರಲ್ಲಿ ಹೆಚ್ಚಿನದು ನಮ್ಮ ಅಜ್ಜಿಯರಿಗೆ ಹೊಸತೇನಲ್ಲ. ಅಲ್ಲಿ ಅದನ್ನು ಹೇಳಿಕೊಡಬೇಕಾಯಿತು, ಯಾಕೆಂದರೆ ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸುವುದು, ಗಡಿಯಾರ ನೋಡಿ ಹಾಲು ಕೊಡುವುದು, ಅತ್ತರೂ ಹೋಗದೆ ಬಿಡುವುದು ಅಲ್ಲಿ ಎಷ್ಟೋ ಮನೆಗಳ ರೂಢಿಯಾಗಿತ್ತು. ಅದಕ್ಕೆ ಉತ್ತರವಾಗಿ ಬಂದ ಸಲಹೆ ಅದು.

ಆದರೆ ಅಲ್ಲಿಯ ಅಮ್ಮನ ಸ್ಥಿತಿಯನ್ನೂ ನೋಡಬೇಕು. ಹಗಲೆಲ್ಲ ಮನೆಯಲ್ಲಿ ಅವಳು, ಮಗು, ಅಷ್ಟೇ. ಇಡೀ ಅಮೆರಿಕಕ್ಕೆ ಅನ್ವಯಿಸುವ ಸಂಬಳಸಹಿತ ಹೆರಿಗೆ ರಜೆಯ ಕಾನೂನೇ ಇಲ್ಲ. 1993ರ ಕಾನೂನಿನಲ್ಲಿ 12 ವಾರದ ರಜೆ ಸಿಗುತ್ತದೆ, ಅದೂ ಸಂಬಳವಿಲ್ಲದೆ, ಅದೂ ಎಲ್ಲರಿಗೂ ಅಲ್ಲ. ಅಂಥ ಮನೆಯಲ್ಲಿ "ಅಮ್ಮನೇ ಓಡಿ ಹೋಗಬೇಕು" ಅಂದರೆ ಅರ್ಥವಾಗುತ್ತದೆ, ಅಲ್ಲಿ ಹೋಗಲಿಕ್ಕೆ ಬೇರೆ ಯಾರಿದ್ದಾರೆ? ಅದೇ ಮಾತನ್ನು ಅತ್ತೆ, ಮಾವ, ಚಿಕ್ಕಮ್ಮ, ಪಕ್ಕದ ಮನೆಯವರು ಇರುವ ಉಡುಪಿಯ ಮನೆಗೆ ತಂದರೆ, ಅಲ್ಲಿಯ ಒಂಟಿತನವನ್ನೂ ಕಟ್ಟಿಕೊಂಡು ತಂದ ಹಾಗೆ ಆಗುತ್ತದೆ. ನಿಮ್ಮ ನಾದಿನಿ ಮಗುವನ್ನು ಪ್ರೀತಿಯಿಂದಲೇ ಸಾಕುತ್ತಿದ್ದಾಳೆ, ಅವಳ ಮನೆಗೆ ಅದು ಸರಿ. ಅವಳೂ ಒಂಟಿಯಾಗಿ ದಣಿದಿರಬಹುದು ಅಂತ ಒಮ್ಮೆ ಯೋಚಿಸಿ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಬೇಕು. ಅಟ್ಯಾಚ್‌ಮೆಂಟ್ ಪೇರೆಂಟಿಂಗ್ ಬೇರೆ, ಅಟ್ಯಾಚ್‌ಮೆಂಟ್ ಬಗ್ಗೆ, ಅಂದರೆ ಮಗುವಿಗೂ ಸಾಕುವವರಿಗೂ ಇರುವ ನಂಟಿನ ಬಗ್ಗೆ, ನಡೆದ ಸಂಶೋಧನೆ ಬೇರೆ. ಸಂಶೋಧನೆ ಶುರುವಾದದ್ದು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಅವರಿಂದ. ಅವರು ಚಿಕ್ಕವರಿದ್ದಾಗ ಅವರನ್ನು ಹೆಚ್ಚಾಗಿ ನೋಡಿಕೊಂಡವಳು ಒಬ್ಬ ದಾದಿ. ಅವರಿಗೆ ನಾಲ್ಕು ವರ್ಷ ಆಗುವ ಹೊತ್ತಿಗೆ ಅವಳು ಕೆಲಸ ಬಿಟ್ಟು ಹೋದಳು, ಆ ನೋವು ಅವರಿಗೆ ದೊಡ್ಡವರಾದ ಮೇಲೂ ನೆನಪಿತ್ತು. ಅವರ ಜೊತೆ ಕೆಲಸ ಮಾಡಿದ ಮೇರಿ ಐನ್ಸ್‌ವರ್ತ್ 1954ರ ಹೊತ್ತಿಗೆ ಉಗಾಂಡಾಕ್ಕೆ ಹೋಗಿ ಹಳ್ಳಿಗಳಲ್ಲಿ 26 ತಾಯಂದಿರ ಮನೆಗಳಿಗೆ ಮತ್ತೆ ಮತ್ತೆ ಭೇಟಿ ಕೊಟ್ಟು ನೋಡಿದರು. ಕೆಲವು ಮನೆಗಳಲ್ಲಿ ಮಗುವನ್ನು ಅಜ್ಜಿಯೋ ಬೇರೆ ಹೆಂಗಸರೋ ಕೂಡ ನೋಡಿಕೊಳ್ಳುತ್ತಿದ್ದರು. ಅದರಿಂದ ಅಮ್ಮನ ಜೊತೆಗಿನ ನಂಟು ಸಡಿಲವಾದದ್ದು ಅವರಿಗೆ ಕಾಣಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಬೇರೆ: ತನ್ನ ಮಗುವಿನ ಬಗ್ಗೆ ಕೇಳಿದರೆ ಸಣ್ಣ ಸಣ್ಣ ವಿಷಯವನ್ನೂ ಬಿಡದೆ ಹೇಳಬಲ್ಲ ತಾಯಿ, ಅಂದರೆ ಮಗುವನ್ನು ಗಮನಿಸುತ್ತಿದ್ದ ತಾಯಿ, ಅವಳ ಮಗು ಹೆಚ್ಚು ನೆಮ್ಮದಿಯಾಗಿತ್ತು.

1964ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಗ್ಲಾಸ್ಗೋದ ಅಧ್ಯಯನವೂ ಉಂಟು. ರುಡಾಲ್ಫ್ ಶಾಫರ್ ಮತ್ತು ಪೆಗ್ಗಿ ಎಮರ್ಸನ್ 60 ಮಕ್ಕಳನ್ನು ನೋಡಿದರು. ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಒಬ್ಬರಿಗಿಂತ ಜಾಸ್ತಿ ಜನರ ಜೊತೆ ನಂಟು ಬೆಳೆದಿತ್ತು: ಅಪ್ಪ, ಅಜ್ಜಿ, ಅಜ್ಜ, ಕೆಲವರಿಗೆ ಪಕ್ಕದ ಮನೆಯವರು. ಯಾರು ಜಾಸ್ತಿ ಹೊತ್ತು ಜೊತೆಗಿದ್ದರು ಅನ್ನುವುದಕ್ಕಿಂತ, ಮಗು ಕರೆದಾಗ ಯಾರು ಓಗೊಟ್ಟರು ಅನ್ನುವುದೇ ಮುಖ್ಯವಾಗಿತ್ತು. ಹಾಗಾಗಿ ಮಗುವಿನ ಪ್ರೀತಿಯಲ್ಲಿ ಅತ್ತೆಗೆ ಪಾಲು ಸಿಕ್ಕಿತು ಅಂದ ಮಾತ್ರಕ್ಕೆ ನಿಮ್ಮ ಪಾಲು ಕಡಿಮೆಯಾಗುವುದಿಲ್ಲ.

ತಾಯಂದಿರು ಹೇಗೆ ಸಾಕುತ್ತಾರೆ ಅನ್ನುವುದು ಅವರ ಊರು ಮಗುವಿಗೆ ಯಾವ ಬದುಕನ್ನು ಕಾಣುತ್ತದೆ ಅನ್ನುವುದರ ಮೇಲೆ ಹೋಗುತ್ತದೆ. ಕೀನ್ಯಾದ ಗುಸಿ ಜನರ ಮಧ್ಯೆ ರಾಬರ್ಟ್ ಲೆವಿನ್ ಅನ್ನುವ ಮಾನವಶಾಸ್ತ್ರಜ್ಞರು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅಲ್ಲಿಯ ಅಮ್ಮಂದಿರು ಮಗುವನ್ನು ಮೈಗೆ ಹತ್ತಿರವೇ ಇಟ್ಟುಕೊಳ್ಳುತ್ತಿದ್ದರು, ಅತ್ತರೆ ತಕ್ಷಣ ಸಮಾಧಾನ ಮಾಡುತ್ತಿದ್ದರು, ಆದರೆ ಮಗುವಿನ ಮುಖ ನೋಡಿ ಮಾತಾಡುವುದು ತೀರಾ ಕಡಿಮೆ. ಶಿಶುಗಳು ಜಾಸ್ತಿ ಸಾಯುತ್ತಿದ್ದ ಕಾಲದಲ್ಲಿ ಅಮ್ಮನ ಮೊದಲ ಕೆಲಸ ಮಗುವನ್ನು ಉಳಿಸಿಕೊಳ್ಳುವುದು, ಮಾತು ಆಮೇಲೆ ಅಣ್ಣ ಅಕ್ಕಂದಿರಿಂದ ಬರುತ್ತದೆ. ಉತ್ತರ ಜರ್ಮನಿಯ ಬೀಲೆಫೆಲ್ಡ್‌ನಲ್ಲಿ ಅಮ್ಮಂದಿರಿಗೆ ಮಗು ಬೇಗ ತನ್ನ ಪಾಡಿಗೆ ಇರಲು ಕಲಿಯಬೇಕು ಅಂತ ಆಸೆ ಇತ್ತು. ಜಪಾನಿನಲ್ಲಿ ಆಗ ಅಮ್ಮ ಮಗು ಬಿಟ್ಟಿರುವುದೇ ಅಪರೂಪವಾಗಿತ್ತು. ಅಮ್ಮ ಒಂದೆರಡು ನಿಮಿಷ ಕೋಣೆಯಿಂದ ಹೊರಗೆ ಹೋಗಿ ಬಂದಾಗ ಮಗು ಏನು ಮಾಡುತ್ತದೆ ಅಂತ ನೋಡುವ ಐನ್ಸ್‌ವರ್ತ್ ಅವರ ಪರೀಕ್ಷೆಯನ್ನು ಎರಡೂ ಕಡೆ ಮಾಡಿದಾಗ, ಬೀಲೆಫೆಲ್ಡ್‌ನ ಎಷ್ಟೋ ಮಕ್ಕಳು ಅಮ್ಮ ವಾಪಸ್ ಬಂದರೂ ಆ ಕಡೆ ನೋಡದೆ ಆಟದಲ್ಲೇ ಇದ್ದವು, ಜಪಾನಿನ ಎಷ್ಟೋ ಮಕ್ಕಳು ಸಮಾಧಾನವೇ ಆಗದಷ್ಟು ಅತ್ತವು. ಪರೀಕ್ಷೆಯ ಲೆಕ್ಕದಲ್ಲಿ ಎರಡೂ "ಸರಿಯಿಲ್ಲ". ಹಾಗಂತ ಆ ಊರಿನ ಅಮ್ಮಂದಿರೆಲ್ಲ ಸೋತರು ಅನ್ನಲಿಕ್ಕಾಗುತ್ತದಾ? 1988ರಲ್ಲಿ ಇಬ್ಬರು ಡಚ್ ಸಂಶೋಧಕರು 8 ದೇಶಗಳ 2000ದಷ್ಟು ಮಕ್ಕಳ ಫಲಿತಾಂಶ ಒಟ್ಟು ಹಾಕಿ ನೋಡಿದಾಗ, ದೇಶ ದೇಶಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ದೇಶದ ಒಳಗಿನ ವ್ಯತ್ಯಾಸವೇ ದೊಡ್ಡದಾಗಿತ್ತು. ಎಂಟೂ ದೇಶಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ನೆಮ್ಮದಿಯ ನಂಟೇ.

ಒಂದೇ ದೇಶದ ಒಳಗೆ ಎಷ್ಟು ವ್ಯತ್ಯಾಸ ಇರುತ್ತದೆ ಅಂತ ತಿಳಿಯಲು ನಮ್ಮ ಕರಾವಳಿಯ ಜಿಲ್ಲೆಗಳೇ ಸಾಕು. ಬಂಟರು, ಬಿಲ್ಲವರು, ಮೊಗವೀರರಲ್ಲಿ ವಂಶ, ಆಸ್ತಿ ತಾಯಿಯ ಕಡೆಯಿಂದ ಸಾಗುತ್ತಿದ್ದ ಅಳಿಯಸಂತಾನದ ಕಾಲದಿಂದ ಮಗುವಿನ "ಬಳಿ", ಅಂದರೆ ಗೋತ್ರದಂಥ ಕುಲದ ಹೆಸರು, ತಾಯಿಯದ್ದೇ. ಆಸ್ತಿಯ ಕಾನೂನು ಬದಲಾದರೂ ಮಗುವಿನ ವಿಷಯದಲ್ಲಿ ತಾಯಿಮನೆಯ ಅಜ್ಜಿಯ, ಸೋದರಮಾವನ ಮಾತಿಗೆ ಇವತ್ತಿಗೂ ತೂಕ ಉಂಟು. ಬ್ಯಾರಿ ಮುಸ್ಲಿಮರ ಮನೆಗಳಲ್ಲಿ, ಕ್ರಿಶ್ಚಿಯನ್ ಮನೆಗಳಲ್ಲಿ, ಹಾಗೆ ನೋಡಿದರೆ ಎಲ್ಲ ಜಾತಿಯಲ್ಲೂ, ಗಂಡ ಗಲ್ಫಿನಲ್ಲಿದ್ದು ಅಮ್ಮ, ಅಜ್ಜಿ, ಚಿಕ್ಕಮ್ಮ ಸೇರಿ ಸಾಕಿದ ಮಕ್ಕಳು ಎಷ್ಟು ಜನ! ಮೀನು ಮಾರುವ ಹೆಂಗಸರು ಬೆಳಗಾಗುವ ಮೊದಲೇ ಬಂದರಿಗೆ ಹೋಗಬೇಕು, ಮಗು ಮನೆಯವರ ಕೈಯಲ್ಲಿ. ಬೀಡಿ ಕಟ್ಟುವ ಅಮ್ಮ ಗೆರಸೆ ತೊಡೆಯ ಮೇಲಿಟ್ಟುಕೊಂಡು, ತೊಟ್ಟಿಲಿನ ಹಗ್ಗದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ತೂಗುತ್ತಾಳೆ. ಕೈ ಎಲೆ ಸುತ್ತುತ್ತಿರುತ್ತದೆ, ಬಾಯಿ ಮಗುವಿನ ಜೊತೆ ಮಾತಾಡುತ್ತಿರುತ್ತದೆ. ಅವಳ ಮಗುವಿಗೆ ನಂಟು ಕಡಿಮೆ ಅಂತ ಯಾರು ಹೇಳುತ್ತಾರೆ? (ತಂಬಾಕಿನ ಪುಡಿ ಮಾತ್ರ ಮಗುವಿಗೆ ತಾಗಬಾರದು. ಹಾಲು ಕೊಡುವ ಮೊದಲು ಸೋಪು ಹಾಕಿ ಕೈ ತೊಳೆದು, ಮೇಲಿನ ಬಟ್ಟೆ ಬದಲಿಸಬೇಕು.)

ನಿಮ್ಮ ಅತ್ತೆ ಮಗುವಿಗೆ ಮೀಯಿಸುವಾಗ ಒಮ್ಮೆ ಸುಮ್ನೆ ಪಕ್ಕದಲ್ಲಿ ಕೂತು ನೋಡಿ. ಬಚ್ಚಲಲ್ಲಿ ಕಾಲು ನೀಡಿ ಕೂತು, ಎರಡು ಕಾಲಿನ ನಡುವಿನ ತಗ್ಗಿನಲ್ಲಿ ಮಗುವನ್ನು ಮಲಗಿಸುತ್ತಾರೆ. ಉಗುರುಬೆಚ್ಚಗಿನ ತೆಂಗಿನೆಣ್ಣೆ ನೆತ್ತಿಗೆ, ಎದೆಗೆ, ಬೆನ್ನಿಗೆ. ಮಗು ಕಿರುಚಿದರೆ ಕೈ ಹಗುರವಾಗುತ್ತದೆ, ಸುಮ್ಮನಾದರೆ ಮತ್ತೆ ತಿಕ್ಕುತ್ತಾರೆ. ನೀರನ್ನು ಮೊದಲು ತಮ್ಮ ಮೊಣಕೈಗೆ ಹಾಕಿಕೊಂಡು ನೋಡುತ್ತಾರೆ. ಅಷ್ಟು ಹೊತ್ತೂ ಬಾಯಿ ನಿಲ್ಲುವುದಿಲ್ಲ: "ಆಯ್ತು ಆಯ್ತು, ಮುಗೀತು ಬಂಗಾರಾ, ಇನ್ನೊಂದೇ ಚೊಂಬು." ಸಂಶೋಧಕರು ಹೇಳುವ ಓಗೊಡುವಿಕೆ ಅಂದರೆ ಇದೇ. ಮಗುವಿನ ಗುರುತು ನೋಡಿ ಕೈ ಬದಲಾಗುವುದು. ಕ್ಯಾರಿಯರ್ ಕಟ್ಟಿಕೊಂಡು ಇಡೀ ದಿನ ಮೊಬೈಲ್ ನೋಡುತ್ತಾ ಓಡಾಡಿದರೆ ಮೈ ಹತ್ತಿರ ಇರುತ್ತದೆ, ಇದು ಇರುವುದಿಲ್ಲ.

ಹಾಗಂತ ನಮ್ಮಲ್ಲಿ ಎಲ್ಲವೂ ಚೆಂದ ಅಂತ ನಾನು ಹೇಳುವುದಿಲ್ಲ. ನಮ್ಮ ಬಾಣಂತನದಲ್ಲಿ ಅಮ್ಮನಿಗೆ ವಿಶ್ರಾಂತಿ ಸಿಗುತ್ತದೆ, ಸ್ನಾನ, ಕಷಾಯ, ಊಟ ಎಲ್ಲ ಕೂತಲ್ಲಿಗೆ ಬರುತ್ತದೆ. ಆದರೆ ಅವಳ ಮಾತು ಕೇಳುವವರು ಇರುವುದಿಲ್ಲ. ಮಗುವಿಗೆ ಹಸಿವಾಗಿದೆ ಅಂತ ಅವಳಿಗೆ ಗೊತ್ತಾದರೂ "ಈಗಷ್ಟೇ ಕುಡಿದಿದ್ದಾಳೆ, ನಿನಗೇನು ಗೊತ್ತು" ಅಂತ ಮಗುವನ್ನು ಎತ್ತಿಕೊಂಡು ಆಚೆ ಹೋಗುತ್ತಾರೆ. ನೆಂಟರ ಮುಂದೆ ಮಗು ಮುಖ ತಿರುಗಿಸಿ ಅತ್ತರೂ ಕೈಯಿಂದ ಕೈಗೆ ದಾಟಿಸುತ್ತಾರೆ. ಮಗುವನ್ನು ಹಂಚಿಕೊಂಡು ಸಾಕುವುದು ನಮ್ಮ ದೊಡ್ಡ ಬಲ. ಆದರೆ ಅಮ್ಮನನ್ನು ಬದಿಗೆ ಸರಿಸಿ ಸಾಕುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಪ್ರಶ್ನೆಯಲ್ಲಿ ನನಗೆ ನಿಜವಾಗಿ ಚುಚ್ಚಿದ್ದು ಇದು: ಪಕ್ಕದ ಮನೆಯವರು ಎತ್ತಿಕೊಳ್ಳಬಹುದು, ನೀವು ಎತ್ತಿಕೊಂಡರೆ ಕೈ ಅಭ್ಯಾಸ ಅಂತಾರೆ. ಅದು ಸರಿಯಲ್ಲ. ಐದು ತಿಂಗಳ ಮಗುವನ್ನು ಎತ್ತಿಕೊಂಡರೆ ಕೆಡುವುದಿಲ್ಲ, ಧೈರ್ಯವಾಗಿ ಎತ್ತಿಕೊಳ್ಳಿ.

ತೊಟ್ಟಿಲು ತಪ್ಪಲ್ಲ. ಸೀರೆಯ ಜೋಲಿಯಾದರೆ ಬೇಡ, ಗದ್ದ ಎದೆಗೆ ಒತ್ತಿ ಉಸಿರಿಗೆ ತೊಂದರೆಯಾಗಬಹುದು, ಮಗು ಮಗುಚಲು ಶುರುಮಾಡಿದ ಮೇಲಂತೂ ಖಂಡಿತ ಬೇಡ. ಕ್ಯಾರಿಯರ್ ಕೂಡ ತಪ್ಪಲ್ಲ, ಮುಖ ಕಾಣುತ್ತಿರಬೇಕು, ಗದ್ದ ಎದೆಗೆ ತಾಗದೆ ಮೇಲಿರಬೇಕು, ತೊಡೆ ಅಗಲವಾಗಿ ಮೊಣಕಾಲು ಸೊಂಟಕ್ಕಿಂತ ತುಸು ಮೇಲೆ ಇರಬೇಕು. ಆದರೆ ನಮ್ಮ ಏಪ್ರಿಲ್ ಮೇ ಸೆಕೆಯಲ್ಲಿ ಇಡೀ ದಿನ ಕಟ್ಟಿಕೊಂಡರೆ ಇಬ್ಬರಿಗೂ ಬೆವರುಸಾಲೆ ಗ್ಯಾರಂಟಿ. ರಾತ್ರಿ ಮಗು ನಿಮ್ಮ ಕೋಣೆಯಲ್ಲೇ, ಗಟ್ಟಿ ಹಾಸಿಗೆಯಲ್ಲಿ, ಅಂಗಾತ, ಸೊಳ್ಳೆ ಪರದೆಯೊಳಗೆ ಮಲಗಲಿ. ಅಮೆರಿಕದ ಮಕ್ಕಳ ವೈದ್ಯರ ಸಂಘ ಒಂದೇ ಕೋಣೆ ಸಾಕು, ಒಂದೇ ಹಾಸಿಗೆ ಬೇಡ ಅನ್ನುತ್ತದೆ. ನಮ್ಮಲ್ಲಿ ಒಟ್ಟಿಗೆ ಮಲಗುವುದೇ ರೂಢಿ, ಅದು ನನಗೆ ಗೊತ್ತು. ಹಾಗೆ ಮಲಗುವುದಾದರೆ ಮಗುವಿನ ಹತ್ತಿರ ದಿಂಬು, ದಪ್ಪ ಕಂಬಳಿ ಇರಬಾರದು, ಸೋಫಾದಲ್ಲಿ ಖಂಡಿತ ಬೇಡ, ಸಿಗರೇಟು ಸೇದುವವರು, ಕುಡಿದವರು, ನಿದ್ದೆಮಾತ್ರೆ ತೆಗೆದುಕೊಂಡವರು ಜೊತೆಗೆ ಮಲಗಬಾರದು. ತಿಂಗಳು ತುಂಬದೆ ಹುಟ್ಟಿದ ಮಗುವಾದರೆ ಬೇರೆ ಹಾಸಿಗೆಯೇ ಆಗಬೇಕು. ಇನ್ನು, ಆರು ತಿಂಗಳ ತನಕ ಬಜೆ ತೇದು ನೆಕ್ಕಿಸುವುದು, ನೀರು ಕುಡಿಸುವುದು ಬೇಡ. ಜೇನು ಒಂದು ವರ್ಷದ ತನಕ ಬೇಡ. ಇದರಲ್ಲಿ ಯಾರಿಗೂ ರಾಜಿ ಮಾಡಿಕೊಳ್ಳಬೇಡಿ.

ಅಳುವಿನ ವಿಷಯ. ನಿಮ್ಮಮ್ಮ ಹೇಳಿದ್ದರಲ್ಲೂ ಅರ್ಧ ನಿಜ ಉಂಟು. ಅಡುಗೆಮನೆಯಲ್ಲಿ ಒಲೆ ಆರಿಸಿ ಬರುವಷ್ಟು ಹೊತ್ತು ಮಗು ಅತ್ತರೆ ನಂಟು ಮುರಿಯುವುದಿಲ್ಲ. ಎಡ್ವರ್ಡ್ ಟ್ರಾನಿಕ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಅಮ್ಮ ಮಗುವಿನ ಆಟವನ್ನು ಕ್ಷಣ ಕ್ಷಣವಾಗಿ ನೋಡಿದಾಗ, ಚೆನ್ನಾಗಿರುವ ಜೋಡಿಗಳೂ ಸುಮಾರು ಶೇ. 30ರಷ್ಟು ಹೊತ್ತು ಮಾತ್ರ ತಾಳಕ್ಕೆ ಸರಿಯಾಗಿದ್ದರು. ಉಳಿದ ಹೊತ್ತು ತಪ್ಪುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ಮಗು ನೆಮ್ಮದಿ ಕಲಿಯುವುದು ಆ ಕೂಡಿಕೊಳ್ಳುವುದರಲ್ಲಿ. ಆದರೆ ಕಲಿಯಲಿ ಅಂತ ಬೇಕೆಂದೇ ಅಳಲು ಬಿಡುವುದು ಈ ವಯಸ್ಸಿಗೆ ಬೇಡ. ನಿಮ್ಮಮ್ಮನ ಕಾಲದಲ್ಲಿ ಹೊಲದ ಕೆಲಸ, ನೀರು ತರುವ ಕೆಲಸ ಬಿಟ್ಟು ಓಡಿ ಬರಲಿಕ್ಕೆ ಆಗದ ಎಷ್ಟೋ ತಾಯಂದಿರು ತಮ್ಮನ್ನು ಸಮಾಧಾನ ಮಾಡಿಕೊಳ್ಳಲು ಹೇಳಿಕೊಂಡ ಮಾತದು. ನಿಮಗೆ ಆ ಕಷ್ಟ ಇಲ್ಲ ಅಂದರೆ ಆ ಮಾತೂ ಬೇಕಾಗಿಲ್ಲ.

ಕೆಲಸಕ್ಕೆ ಹೋಗುವ ತಯಾರಿ ಈಗಲೇ ಶುರುಮಾಡಿ. 2017ರ ತಿದ್ದುಪಡಿಯಿಂದ ನಮ್ಮಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರದ ಸಂಬಳಸಹಿತ ರಜೆ ಇದೆ, 50 ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಕಡೆ ಶಿಶುಪಾಲನಾ ಕೇಂದ್ರವೂ ಇರಬೇಕು. ನಿಮ್ಮ ಆಫೀಸಿನಲ್ಲಿ ಉಂಟಾ ಅಂತ ಕೇಳಿ, ಕೇಳುವುದು ನಿಮ್ಮ ಹಕ್ಕು. ಹಿಂಡಿದ ಹಾಲನ್ನು ಸೆಕೆಯಲ್ಲಿ ಹೊರಗಿಡದೆ ಫ್ರಿಜ್ಜಿನ ಒಳಭಾಗದಲ್ಲಿಟ್ಟು 4 ದಿನದೊಳಗೆ ಮುಗಿಸಿ. ಕೊಡುವಾಗ ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿದರೆ ಸಾಕು, ಕುದಿಸಬಾರದು. ಬಾಟಲಿ ಬೇಡ ಅನಿಸಿದರೆ ಒಳಲೆಯಲ್ಲಿ ಕುಡಿಸಲು ಅತ್ತೆಗೆ ಗೊತ್ತೇ ಇರುತ್ತದೆ. ಈ ಕೊನೆಯ ವಾರಗಳಲ್ಲಿ ಅವರೇ ದಿನಕ್ಕೆ ಒಂದೆರಡು ಗಂಟೆ ಪೂರ್ತಿ ನೋಡಿಕೊಳ್ಳಲಿ, ನೀವು ಮಲ್ಪೆ ಬೀಚಿಗೋ ಮಾರ್ಕೆಟ್ಟಿಗೋ ಹೋಗಿ ಬನ್ನಿ.

ಒಂದು ಅಭ್ಯಾಸ ಮಾತ್ರ ನಿಮ್ಮ ಮನೆಯಲ್ಲಿ ಶುರುವಾಗದ ಹಾಗೆ ನೋಡಿಕೊಳ್ಳಿ. ಮಗುವಿಗೆ ಕಾಗೆ ತೋರಿಸಿ, ಅಮ್ಮನನ್ನು ಹಿಂದಿನ ಬಾಗಿಲಿನಿಂದ ಕಳಿಸುವುದು. ಎಲ್ಲ ಮನೆಯಲ್ಲೂ ಮಾಡುತ್ತಾರೆ, ಒಳ್ಳೆಯದಕ್ಕೇ ಮಾಡುತ್ತಾರೆ. ಆದರೆ ಎಂಟು ಒಂಬತ್ತು ತಿಂಗಳ ಹೊತ್ತಿಗೆ ಮಗುವಿಗೆ ಅಮ್ಮ ಕಾಣೆಯಾಗುವ ಭಯ ಸಹಜವಾಗಿಯೇ ಬರುತ್ತದೆ. ಆಗ ಅಮ್ಮ ಹೇಳದೆ ಮಾಯವಾದರೆ, ಇನ್ನು ಯಾವಾಗ ಮಾಯವಾಗುತ್ತಾಳೋ ಅಂತ ಮಗು ಇಡೀ ದಿನ ಸೆರಗು ಬಿಡುವುದಿಲ್ಲ. ಮುಂದಿನ ಬಾಗಿಲಿನಿಂದಲೇ ಹೋಗಿ. "ಅಮ್ಮ ಹೋಗಿ ಬರ್ತೇನೆ, ಅಜ್ಜಿ ಹತ್ತಿರ ಇರು" ಅಂತ ಮುಖ ನೋಡಿ ಹೇಳಿ, ಟಾಟಾ ಮಾಡಿ, ಹೊರಡಿ. ಸ್ವಲ್ಪ ಅಳುತ್ತದೆ. ಅತ್ತೆ ಎತ್ತಿಕೊಂಡಿರುತ್ತಾರಲ್ಲ, ಸಮಾಧಾನ ಆಗುತ್ತದೆ. ಸಂಜೆ ನೀವು ಬಂದಾಗ ಇಡೀ ದಿನ ನಗುತ್ತಿದ್ದ ಮಗು ನಿಮ್ಮನ್ನು ಕಂಡು ಜೋರಾಗಿ ಅಳಬಹುದು, ಅದನ್ನು ನೋಡಿ ಮನೆಯವರು "ನೀನು ಬಂದದ್ದೇ ಶುರು" ಅಂತ ತಮಾಷೆ ಮಾಡಬಹುದು. ಬೇಜಾರು ಮಾಡಿಕೊಳ್ಳಬೇಡಿ. ಬೇರೆಯವರ ಹತ್ತಿರ ತಡೆದುಕೊಂಡದ್ದನ್ನೆಲ್ಲ ಮಗು ನಿಮ್ಮ ಹತ್ತಿರ ಹೇಳುತ್ತಿದೆ. ಬ್ಯಾಗ್ ಬಿಸಾಡಿ, ಕೈ ತೊಳೆದು, ಮೊದಲ ಅರ್ಧ ಗಂಟೆ ಮಗುವಿಗೇ ಕೊಡಿ. ಅಡುಗೆ ಯಾರಾದರೂ ನೋಡಿಕೊಳ್ಳಲಿ, ಗಂಡನೂ ಆದೀತು.

ಅತ್ತೆಯ ಹತ್ತಿರ ಮಾತಾಡುವಾಗ ನಾದಿನಿ ಹೇಳಿದ್ದು, ನೆಟ್‌ನಲ್ಲಿ ಓದಿದ್ದು ಅಂತ ಶುರುಮಾಡಬೇಡಿ. "ಅತ್ತೆ, ನಾನು ಕೆಲಸಕ್ಕೆ ಹೋದ ಮೇಲೆ ಹಗಲು ಇವಳು ನಿಮ್ಮವಳೇ, ಬೆಳಗ್ಗೆ ಸಂಜೆ ನಾನೇ ಎತ್ತಿಕೊಳ್ತೇನೆ, ಆಗ ಬೇಡ ಅನ್ನಬೇಡಿ" ಅಂತ ನೇರವಾಗಿ ಕೇಳಿ. ಮಗು ಮುಖ ತಿರುಗಿಸಿದರೆ ಯಾರ ಕೈಗೂ ಕೊಡುವುದು ಬೇಡ ಅನ್ನುವುದನ್ನೂ ಈಗಲೇ ಮಾತಾಡಿಕೊಳ್ಳಿ. ಬೈಯುವ ಹಾಗೆ ಹೇಳುವ ಅಗತ್ಯವಿಲ್ಲ, ಇದು ಒಟ್ಟಿಗೆ ಮಾಡುವ ಕೆಲಸ ಅನ್ನುವ ಹಾಗೆ ಹೇಳಿದರೆ ಹೆಚ್ಚಿನ ಅತ್ತೆಯಂದಿರು ಕೇಳುತ್ತಾರೆ. ಕೇಳದಿದ್ದರೆ ಗಂಡ ತನ್ನಮ್ಮನ ಹತ್ತಿರ ಮಾತಾಡಬೇಕು, ಅದು ಅವರ ಜವಾಬ್ದಾರಿ.

ಕೊನೆಗೆ ನಿಮ್ಮ ಬಗ್ಗೆ ಒಂದು ಪ್ರಶ್ನೆ. ಈ ತಪ್ಪಿತಸ್ಥ ಭಾವ ಮಗುವಿನ ವಿಷಯಕ್ಕೆ ಮಾತ್ರವಾ, ಇಲ್ಲಾ ಇಡೀ ದಿನ ಮನಸ್ಸು ಹೀಗೇ ಇರುತ್ತದಾ? ಮಗು ಮಲಗಿದರೂ ನಿದ್ದೆ ಬಾರದಿರುವುದು, ಕಾರಣವಿಲ್ಲದೆ ಅಳು, ಮಗುವನ್ನು ಕಂಡರೂ ಏನೂ ಅನಿಸದಿರುವುದು, ನಾನಿಲ್ಲದಿದ್ದರೇ ಇವರಿಗೆ ಒಳ್ಳೆಯದು ಅನ್ನುವ ಯೋಚನೆ, ಇದರಲ್ಲಿ ಯಾವುದಾದರೂ ಎರಡು ವಾರಕ್ಕಿಂತ ಜಾಸ್ತಿ ಇದ್ದರೆ ಅದು ಬಾಣಂತಿಯರಿಗೆ ಬರುವ ಖಿನ್ನತೆ ಇರಬಹುದು. ಆ ಕೊನೆಯ ಯೋಚನೆ ಒಂದು ಸಲ ಬಂದರೂ ಸಾಕು, ಕಾಯಬೇಡಿ. ಇದಕ್ಕೆ ಚಿಕಿತ್ಸೆ ಉಂಟು, ಹಾಲು ಕೊಡುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳೂ ಉಂಟು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಡಾಕ್ಟರ ಹತ್ತಿರ ಹೋಗುವುದಾದರೆ ಒಬ್ಬರೇ ಹೋಗಬೇಡಿ, ಗಂಡನನ್ನೋ ಅತ್ತೆಯನ್ನೋ ಜೊತೆಗೆ ಕರೆದುಕೊಂಡು ಹೋಗಿ.